ಬಡ ಮಣ್ಣಿನ ಬೇಟೆಗಾರರು

ಡ್ರೊಸೆರಾದ ಎಲೆಯ ಮೇಲಿನ ಇಬ್ಬನಿ ಮಧ್ಯಾಹ್ನದ ಬಿಸಿಲಿಗೂ ಆರುವುದಿಲ್ಲ. ಹುಲ್ಲಿನ ಮೇಲಿನ ಹನಿ ಹೊತ್ತೇರುತ್ತಲೇ ಮಾಯವಾಗುತ್ತದೆ. ಈ ಗಿಡದ ಹನಿ ಮಾತ್ರ ಬಿಸಿಲು ಬಲಿತಷ್ಟೂ ಹೊಳೆಯುತ್ತದೆ. ಎಲೆಯ ಮೈಯಿಂದ ಎದ್ದುನಿಂತ ಕೆಂಪು ಕೂದಲುಗಳು, ಒಂದೊಂದರ ತುದಿಗೂ ಗುಂಡುಸೂಜಿಯ ತಲೆಯಂಥ ಗ್ರಂಥಿ, ಗ್ರಂಥಿಯ ಸುತ್ತ ಒಂದು ತೊಟ್ಟು ಅಂಟು. ಗ್ರೀಕ್ ಭಾಷೆಯಲ್ಲಿ ‘ಡ್ರೊಸೋಸ್’ ಎಂದರೆ ಇಬ್ಬನಿ. ಗಿಡದ ಶಾಸ್ತ್ರೀಯ ಹೆಸರು ಹುಟ್ಟಿದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಸನ್‌ಡ್ಯೂ ಎನ್ನುವುದೂ ಇದೇ ಕಾರಣಕ್ಕೆ. ಇಬ್ಬನಿ ಗಿಡ ಎಂದರೆ ಕನ್ನಡದವರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಬಾಳೆಹಣ್ಣಿನ ಸುತ್ತ ಸುಳಿಯುವ ಸಣ್ಣ ನೊಣವೊಂದು ಇಂಥ ಎಲೆಯ ಮೇಲೆ ಇಳಿಯಿತೆನ್ನಿ. ಮೊದಲು ಒಂದು ಕಾಲು ಅಂಟುತ್ತದೆ. ಆ ಕಾಲನ್ನು ಎಳೆದುಕೊಳ್ಳಲು ಹೋದರೆ ಅಂಟು ನೂಲಿನಂತೆ ಹಿಂದೆಯೇ ಬರುತ್ತದೆ. ಬಿಡಿಸಿಕೊಳ್ಳಲು ಊರಿದ ಇನ್ನೊಂದು ಕಾಲು ಇನ್ನೊಂದು ಹನಿಗೆ ತಗಲುತ್ತದೆ, ರೆಕ್ಕೆ ಮತ್ತೊಂದಕ್ಕೆ. ಒದ್ದಾಟ ಹೆಚ್ಚಿದಷ್ಟೂ ಸುತ್ತಲಿನ ಕೂದಲುಗಳಿಗೆ ಸುದ್ದಿ ಮುಟ್ಟುತ್ತದೆ. ಎಲೆಯಂಚಿನ ಉದ್ದ ಕೂದಲುಗಳು ಒಂದೊಂದಾಗಿ ಬಾಗಿ ನೊಣದತ್ತ ಬರುತ್ತವೆ. ಅಂಟು ಉಸಿರಾಟದ ರಂಧ್ರಗಳನ್ನು ಮುಚ್ಚಿದ ಮೇಲೆ ನೊಣದ ಕತೆ ಮುಗಿಯಿತು. ದಕ್ಷಿಣ ಆಫ್ರಿಕಾ ಮೂಲದ ಡ್ರೊಸೆರಾ ಕೇಪೆನ್ಸಿಸ್‌ನಲ್ಲಾದರೆ ಕೂದಲಷ್ಟೇ ಅಲ್ಲದೆ ಇಡೀ ಎಲೆಯೇ ಕೆಲವು ಗಂಟೆಗಳಲ್ಲಿ ಮಡಿಚಿಕೊಂಡು ಬೇಟೆಯನ್ನು ಸುತ್ತುತ್ತದೆ, ಅಮ್ಮ ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿದಂತೆ. ಆಮೇಲೆ ಅದೇ ಗ್ರಂಥಿಗಳು ಆಮ್ಲ ಮತ್ತು ಕಿಣ್ವಗಳನ್ನು ಸುರಿಸಿ ಒಳಗಿನ ಮೆದುಭಾಗವನ್ನೆಲ್ಲ ಕರಗಿಸಿ ಹೀರುತ್ತವೆ. ಕೆಲವು ದಿನ ಕಳೆದು ಎಲೆ ಮತ್ತೆ ಬಿಚ್ಚಿದಾಗ ಅಲ್ಲಿ ಉಳಿಯುವುದು ಗಾಳಿಗೆ ಹಾರಿಹೋಗುವ ಒಣ ಸಿಪ್ಪೆ.

ಈ ಗಿಡ ಕೀಟ ಹಿಡಿಯುವುದು ಶಕ್ತಿಗಾಗಿ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಎಲೆ ಹಸಿರಾಗಿದೆ, ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಅದಕ್ಕೆ ಕೊರತೆ ಇರುವುದು ಸಾರಜನಕ ಮತ್ತು ರಂಜಕದ್ದು. ನೀರು ನಿಂತ ಜವುಗು, ತೊಳೆದುಹೋದ ಮರಳು, ಬಂಡೆಯ ಮೇಲಿನ ಬೆರಳುದಪ್ಪ ಮಣ್ಣು, ಇಂಥ ಕಡೆ ಬೇರಿಗೆ ಸಿಗುವ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಗಿಡಗಳು ಕಾಲಿಡಲು ಹಿಂಜರಿಯುವ ಆ ಜಾಗದಲ್ಲಿ ಬದುಕಲು ಕೆಲವು ಸಸ್ಯಕುಲಗಳು ಬೇರಿನ ಕೆಲಸವನ್ನು ಎಲೆಗೆ ವಹಿಸಿದವು. ಜಗತ್ತಿನಲ್ಲಿ ಇಂಥ ಕೀಟಾಹಾರಿ ಸಸ್ಯಗಳ 700ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ 200ಕ್ಕಿಂತ ಹೆಚ್ಚು ಡ್ರೊಸೆರಾಗಳೇ. ಮನೆಯಲ್ಲಿ ಇವನ್ನು ಬೆಳೆಸುವ ವಿದ್ಯೆಯೆಲ್ಲ ಬಡ ಮಣ್ಣಿನ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ. ಗುಲಾಬಿಗೂ ದಾಸವಾಳಕ್ಕೂ ಏನೇನು ಒಳ್ಳೆಯದೋ ಅದೆಲ್ಲ ಇದಕ್ಕೆ ವಿಷ.

ಡಾರ್ವಿನ್‌ನ ಹದಿನೈದು ವರ್ಷ

1860ರ ಬೇಸಿಗೆಯಲ್ಲಿ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಕುರುಚಲು ಬಯಲಿನಲ್ಲಿ ಅಡ್ಡಾಡುತ್ತಿದ್ದಾಗ ದುಂಡೆಲೆಯ ಸನ್‌ಡ್ಯೂ ಗಿಡಗಳ ಮೇಲೆ ಸತ್ತ ಕೀಟಗಳು ಲೆಕ್ಕಕ್ಕೆ ಮೀರಿ ಅಂಟಿರುವುದನ್ನು ಕಂಡ. ಜೀವಿಗಳ ಉಗಮದ ಕುರಿತ ಅವನ ಪುಸ್ತಕ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜಗತ್ತೆಲ್ಲ ಅದನ್ನು ಕುರಿತು ಜಗಳವಾಡುತ್ತಿತ್ತು. ಅವನು ಮಾತ್ರ ಒಂದಷ್ಟು ಗಿಡ ಮನೆಗೆ ತಂದು ಕೂತ. ಹಸಿ ಮಾಂಸ, ಮೊಟ್ಟೆಯ ಬಿಳಿಭಾಗ, ಹಾಲು, ಗಾಜಿನ ಚೂರು, ಕಾಗದ, ಅಮೋನಿಯಾ ಲವಣ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಎಲೆಯ ಮೇಲೆ ಇಟ್ಟು ನೋಡಿದ. ಇದನ್ನು ಹೇಗಾದರೂ ಪ್ರಾಣಿಯೆಂದೇ ಸಾಧಿಸಿಬಿಡಬೇಕೆಂಬ ಆಸೆ ಇವನಿಗೆ ಇರುವಂತಿದೆ ಎಂದು ಹೆಂಡತಿ ಎಮ್ಮಾ ಪತ್ರವೊಂದರಲ್ಲಿ ಬರೆದಳು.

ಕಂಡುಕೊಂಡದ್ದು ಸಣ್ಣದಲ್ಲ. ಮಳೆಹನಿ ಬಿದ್ದರೆ ಕೂದಲು ಅಲುಗುವುದಿಲ್ಲ. ಆದರೆ ಒಂದು ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ ತೂಗುವ ತಲೆಗೂದಲಿನ ಚೂರು ಗ್ರಂಥಿಗೆ ತಗುಲಿದರೆ ಅದು ಬಾಗುತ್ತದೆ. ಗಾಜಿನ ಚೂರಿಗೆ ಬಾಗಿದ ಕೂದಲು ಬೇಗ ನೆಟ್ಟಗಾಗುತ್ತದೆ, ಮಾಂಸಕ್ಕೆ ಬಾಗಿದ್ದು ದಿನಗಟ್ಟಲೆ ಬಿಡುವುದಿಲ್ಲ. ಮೊಟ್ಟೆಯ ಬಿಳಿಭಾಗ ಪ್ರಾಣಿಯ ಹೊಟ್ಟೆಯಲ್ಲಿ ಕರಗುವ ಬಗೆಯಲ್ಲೇ ಎಲೆಯ ಮೇಲೂ ಕರಗುತ್ತದೆ. ಅಳತೆ ಮೀರಿ ತಿನ್ನಿಸಿದ ಎಲೆ ಅಜೀರ್ಣವಾದಂತೆ ಬಾಡಿ ಸಾಯುತ್ತದೆ. ಹದಿನೈದು ವರ್ಷದ ಈ ಕೆಲಸ 1875ರಲ್ಲಿ ‘ಇನ್‌ಸೆಕ್ಟಿವೊರಸ್ ಪ್ಲಾಂಟ್ಸ್’ ಎಂಬ ಪುಸ್ತಕವಾಯಿತು. ಅದರ ಹೆಚ್ಚಿನ ಪಾಲು ದುಂಡೆಲೆಯ ಈ ಒಂದೇ ಗಿಡಕ್ಕೆ ಮೀಸಲು. ಮೂರು ವರ್ಷದ ಮೇಲೆ ಮಗ ಫ್ರಾನ್ಸಿಸ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಗಿಡಗಳನ್ನು ಎರಡು ಪಾಲು ಮಾಡಿ ಒಂದಕ್ಕೆ ಮಾಂಸದ ಚೂರು ಕೊಟ್ಟ, ಇನ್ನೊಂದನ್ನು ಉಪವಾಸ ಇಟ್ಟ. ಉಪವಾಸವಿದ್ದವೂ ಬದುಕಿದವು. ಆದರೆ ಉಂಡ ಗಿಡಗಳು ಕೊಟ್ಟ ಬೀಜ ಬಹಳ ಹೆಚ್ಚು.

ಬೆಳೆಸುವವರಿಗೆ ತಂದೆ ಮಕ್ಕಳ ಈ ಪ್ರಯೋಗಗಳಲ್ಲಿ ಅರ್ಧ ಪಾಠ ಸಿಕ್ಕಿಬಿಡುತ್ತದೆ. ಕೀಟ ಸಿಗದಿದ್ದರೆ ಗಿಡ ಸಾಯುವುದಿಲ್ಲ, ಸಿಕ್ಕರೆ ಹೂವು ಬೀಜ ಚೆನ್ನಾಗಿ ಬರುತ್ತವೆ. ಪ್ರೀತಿ ಹೆಚ್ಚಾಗಿ ತುರುಕಿದರೆ ಎಲೆ ಸಾಯುತ್ತದೆ.

ಪದವಿನ ಮೇಲೆ

ಕನ್ನಡನಾಡಿಗೆ ಈ ಗಿಡ ಹೊರಗಿನದಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಮುರಕಲ್ಲಿನ ಬಯಲಿಗೆ ಪದವು ಎನ್ನುತ್ತಾರೆ. ಬೇಸಿಗೆಯಲ್ಲಿ ಬರಿಗಾಲು ಇಡಲಾಗದಷ್ಟು ಕಾಯುವ ಈ ಕಲ್ಲುಹಾಸು ಜೂನಿನ ಮಳೆಗೆ ನೀರು ಕುಡಿದು, ತಗ್ಗಿನಲ್ಲೆಲ್ಲ ತೆಳ್ಳಗೆ ನೀರು ಹರಡಿಕೊಳ್ಳುತ್ತದೆ. ಎರಡು ತಿಂಗಳಲ್ಲಿ ಅಲ್ಲಿ ಹುಲ್ಲಿನ ನಡುವೆ ಕೆಂಪು ಚುಕ್ಕಿಗಳು ಕಾಣತೊಡಗುತ್ತವೆ. ನೆಲಕ್ಕೆ ಅಂಟಿಕೊಂಡು ನಾಣ್ಯದಷ್ಟೇ ಅಗಲಕ್ಕೆ ಹರಡಿದ್ದು ಡ್ರೊಸೆರಾ ಬರ್ಮಾನಿ, ಬಿಳಿ ಹೂವಿನದು. ಅದರ ಅಂಚಿನ ಕೂದಲುಗಳು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ. ಸಸ್ಯಲೋಕದ ಲೆಕ್ಕದಲ್ಲಿ ಇದು ಓಟವೇ ಸರಿ. ಪಕ್ಕದಲ್ಲೇ ನೂಲಿನಂಥ ಉದ್ದ ಎಲೆಗಳನ್ನು ಚಾಚಿ ನೆಟ್ಟಗೆ ನಿಂತ, ತಿಳಿಗೆಂಪು ಹೂವಿನ ಗಿಡ ಕಂಡರೆ ಅದು ಡ್ರೊಸೆರಾ ಇಂಡಿಕಾ. ಮೂರನೆಯದು, ಅರ್ಧಚಂದ್ರದಂಥ ಪುಟ್ಟ ಎಲೆಗಳ ಡ್ರೊಸೆರಾ ಪೆಲ್ಟಾಟಾ, ಘಟ್ಟದ ಮೇಲಿನ ತಂಪು ಹುಲ್ಲುಗಾವಲಿನದು. ಅದು ನೆಲದೊಳಗೆ ಒಂದು ಪುಟ್ಟ ಗಡ್ಡೆಯನ್ನು ಇಟ್ಟುಕೊಂಡಿದೆ. ಒಣಗಾಲ ಬಂದಾಗ ಮೇಲಿನದನ್ನೆಲ್ಲ ಬಿಟ್ಟುಕೊಟ್ಟು ಗಡ್ಡೆಯೊಳಗೆ ಮಲಗುತ್ತದೆ.

ಅದೇ ಪದವಿನ ಮೇಲೆ, ಗದ್ದೆಯಂಚಿನಲ್ಲಿ, ಶ್ರಾವಣ ಭಾದ್ರಪದದ ಹೊತ್ತಿಗೆ ನೀಲಿ ನೇರಳೆ ಹೂವುಗಳು ಚಾಪೆ ಹಾಸಿದಂತೆ ಅರಳುತ್ತವೆ. ಅವು ಯುಟ್ರಿಕ್ಯುಲೇರಿಯಾ. ಕೇರಳದಲ್ಲಿ ಇವುಗಳಲ್ಲೊಂದು ಕಾಕ್ಕಪ್ಪೂ, ಓಣಂ ರಂಗೋಲಿಯ ಹೂವು. ಮಹಾರಾಷ್ಟ್ರದ ಕಾಸ್ ಬಯಲಿನಲ್ಲಿ ಇವನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ಹೂವು ನೋಡಿ ಹೋಗುವವರಿಗೆ ಕೆಳಗೆ ನಡೆಯುವುದು ಗೊತ್ತೇ ಆಗುವುದಿಲ್ಲ. ಇದಕ್ಕೆ ಬೇರೆಂಬುದೇ ಇಲ್ಲ. ಒದ್ದೆ ಮಣ್ಣಿನೊಳಗೆ ಹರಡಿದ ಎಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಚೀಲ ತನ್ನೊಳಗಿನ ನೀರನ್ನು ಹೊರಹಾಕಿ ಕೆನ್ನೆ ಒಳಗೆಳೆದುಕೊಂಡು ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಯಾವುದಾದರೂ ಸೂಕ್ಷ್ಮಜೀವಿ ತಗುಲಿದ್ದೇ ತಡ, ಬಾಗಿಲು ಒಳಕ್ಕೆ ತೆರೆದು ನೀರಿನ ಜೊತೆ ಜೀವಿಯೂ ಒಳಗೆ. ಇದಿಷ್ಟಕ್ಕೆ ಬೇಕಾದ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕಡಿಮೆ.

ಸರಕಾರಿ ಕಡತಗಳಲ್ಲಿ ಇಂಥ ಬಯಲಿಗೆ ಎಷ್ಟೋ ಕಡೆ ಬಂಜರು ಎಂದು ಹೆಸರು. ಬಂಜರೆಂದು ಬರೆದ ಮೇಲೆ ಕಲ್ಲಿನ ಕೋರೆಗೋ ಬಡಾವಣೆಗೋ ಕೊಡುವುದು ಸುಲಭ. ಕೋರೆ ಇಳಿದ ಪದವಿನಲ್ಲಿ ಸನ್‌ಡ್ಯೂ ಮತ್ತೆ ಬಾರದು. ಅದಕ್ಕೆ ಬೇಕಾದ ಬೆರಳುದಪ್ಪ ಮಣ್ಣೂ ಅದರ ಮೇಲೆ ಜಿನುಗುವ ನೀರೂ ಕಲ್ಲಿನ ಜೊತೆಗೇ ಲಾರಿ ಹತ್ತಿರುತ್ತವೆ. ಈ ಹೂವಿನ ಬಯಲನ್ನು ಬಂಜರೆನ್ನುವ ಮಾತು ಕಡತದಿಂದ ಹೋಗಬೇಕು.

ಕುಂಡ, ಮಣ್ಣು, ನೀರು

ಮನೆಯಲ್ಲಿ ಬೆಳೆಸಲು ಹೊರಟವರಿಗೆ ಮೊದಲ ಗಿಡ ಡ್ರೊಸೆರಾ ಕೇಪೆನ್ಸಿಸ್ ಆಗಿರಲಿ. ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಈ ಗಿಡಕ್ಕೆ ಬೆಂಗಳೂರು, ಮೈಸೂರು, ಹಾಸನದ ಹವೆ ಹೇಳಿ ಮಾಡಿಸಿದಂತಿದೆ. ಚಳಿಗಾಲದ ನಿದ್ದೆ ಇದಕ್ಕೆ ಬೇಕಿಲ್ಲ, ವರ್ಷವಿಡೀ ಬೆಳೆಯುತ್ತದೆ, ಸಣ್ಣಪುಟ್ಟ ತಪ್ಪುಗಳನ್ನು ಕ್ಷಮಿಸುತ್ತದೆ. ಪುಟ್ಟ ಡ್ರೊಸೆರಾ ಸ್ಪಾಟ್ಯುಲೇಟಾ, ಎಲೆ ಕವಲೊಡೆಯುವ ಬೈನಾಟಾ, ಆಸ್ಟ್ರೇಲಿಯಾದ ಮಳೆಕಾಡಿನ ನೆರಳು ಬಯಸುವ ಅಡೆಲೇ ಇವೂ ಕಷ್ಟದವಲ್ಲ. ಡಾರ್ವಿನ್‌ನನ್ನು ಮರುಳುಮಾಡಿದ ದುಂಡೆಲೆಯದು ಮಾತ್ರ ಇಲ್ಲಿಗೆ ಆಗಿಬರುವುದಿಲ್ಲ. ಅದು ಹಿಮ ಬೀಳುವ ಚಳಿಯಲ್ಲಿ ಮೊಗ್ಗಾಗಿ ಮುದುಡಿ ತಿಂಗಳುಗಟ್ಟಲೆ ಮಲಗಬೇಕಾದ ಗಿಡ.

ಕುಂಡ ಪ್ಲಾಸ್ಟಿಕ್ಕಿನದೇ ಆಗಬೇಕು. ಮಣ್ಣಿನ ಕುಂಡ ನೀರಿನ ಲವಣವನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಗಿಡಕ್ಕೆ ಬಿಡುತ್ತದೆ. ಸಿಮೆಂಟಿನದಂತೂ ಸುಣ್ಣವನ್ನೇ ಉಣಿಸಿದಂತೆ. ತುಂಬುವುದಕ್ಕೆ ಎರಡು ಪಾಲು ಪೀಟ್ ಮಾಸ್, ಒಂದು ಪಾಲು ಪರ್ಲೈಟ್ ಅಥವಾ ಚೆನ್ನಾಗಿ ತೊಳೆದ ದಪ್ಪ ಸಿಲಿಕಾ ಮರಳು ಸಾಕು. ಪೊಟ್ಟಣದ ಮೇಲೆ ಗೊಬ್ಬರ ಬೆರೆಸಿದೆ ಎಂದು ಬರೆದಿರುವ ಪೀಟ್ ಬೇಡವೇ ಬೇಡ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಬೇವಿನಹಿಂಡಿ ಇವುಗಳಲ್ಲಿ ಒಂದು ಹಿಡಿ ಸೇರಿದರೂ ಬೇರು ಸುಟ್ಟುಹೋಗುತ್ತದೆ. ಸಮುದ್ರದ ಮರಳಿನಲ್ಲಿ ಉಪ್ಪೂ ಚಿಪ್ಪಿನ ಸುಣ್ಣವೂ ಇರುವುದರಿಂದ ಅದೂ ಆಗದು. ಅಗ್ಗವಾಗಿ ಸಿಗುವ ತೆಂಗಿನ ನಾರಿನ ಪುಡಿಯನ್ನು ಬಳಸಲು ಅಡ್ಡಿಯಿಲ್ಲ. ಆದರೆ ಅದರಲ್ಲೂ ಉಪ್ಪಿನಂಶ ಇರುತ್ತದೆ. ಶುದ್ಧ ನೀರಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೆನೆಸಿ, ಹಿಂಡಿದ ನೀರಿನಲ್ಲಿ ಲವಣ ಉಳಿದಿಲ್ಲವೆಂದು ಖಚಿತವಾಗುವವರೆಗೆ ತೊಳೆಯುವ ತಾಳ್ಮೆ ಇರಬೇಕು. ಪೀಟ್ ಬರುವುದು ತಣ್ಣನೆಯ ದೇಶಗಳ ಜವುಗನ್ನು ಅಗೆದು. ಆ ಜವುಗೇ ಎಷ್ಟೋ ಸನ್‌ಡ್ಯೂಗಳ ತವರು. ಹಾಗಾಗಿ ಹಳೆಯ ಕುಂಡದ ಪೀಟನ್ನು ಎಸೆಯದೆ ತೊಳೆದು ಮತ್ತೆ ಬಳಸುವುದು ಒಳ್ಳೆಯ ರೂಢಿ.

ಗಿಡ ಸಾಯುವ ಮನೆಗಳಲ್ಲಿ ಹತ್ತಕ್ಕೆ ಎಂಟು ಕಡೆ ಕಾರಣ ನೀರೇ ಇರುತ್ತದೆ ಎಂದರೆ ಬೆಳೆಸುವವರು ಯಾರೂ ಇಲ್ಲವೆನ್ನಲಾರರು. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಪೆನ್ನಿನಷ್ಟು ದೊಡ್ಡದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಈ ಹವ್ಯಾಸಕ್ಕೆ ಗಿಡಕ್ಕೂ ಮೊದಲು ಕೊಳ್ಳಬೇಕಾದದ್ದು ಅದು. ಅಂಕಿ 50ರ ಒಳಗಿದ್ದರೆ ನಿಶ್ಚಿಂತೆ, 100ರವರೆಗೆ ಹೇಗೋ ನಡೆಯುತ್ತದೆ. ಬೆಂಗಳೂರಿನ ಎಷ್ಟೋ ಬಡಾವಣೆಗಳ ಬೋರ್‌ವೆಲ್ ನೀರು 500 ದಾಟುತ್ತದೆ. ಅಂಥ ನೀರು ಹಾಕಿದ ಗಿಡ ಆ ದಿನವೇ ಸಾಯುವುದಿಲ್ಲ, ಅದೇ ಮೋಸ. ಲವಣ ಕುಂಡದಲ್ಲಿ ಕೂಡುತ್ತಾ ಹೋಗಿ, ಕೆಲವು ವಾರದ ಮೇಲೆ ಹನಿಗಳು ಬತ್ತಿ, ಎಲೆ ತುದಿಯಿಂದ ಕಪ್ಪಾಗುತ್ತದೆ. ಅಂಗಡಿಯ ಬಾಟಲಿ ನೀರಿಗೂ ಖನಿಜ ಸೇರಿಸಿರುತ್ತಾರೆ, ಮನೆಯ ಆರ್‌ಒ ಯಂತ್ರಗಳಲ್ಲೂ ರುಚಿಗೆಂದು ಸ್ವಲ್ಪ ಲವಣ ಉಳಿಸುವ ತಿರುಪು ಇರುತ್ತದೆ. ಎರಡನ್ನೂ ಅಳೆದೇ ಬಳಸಬೇಕು. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಆಗುತ್ತದೆ. ಎಲ್ಲಕ್ಕಿಂತ ಮೇಲು ಮಳೆನೀರು. ಮೊದಲ ಮಳೆಗೆ ಸೂರಿನ ಧೂಳು ತೊಳೆದುಹೋಗಲು ಬಿಟ್ಟು, ಆಮೇಲಿನದನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಹತ್ತು ಕುಂಡಕ್ಕೆ ಬೇಸಿಗೆ ಕಳೆಯುತ್ತದೆ.

ನೀರನ್ನು ಮೇಲಿನಿಂದ ಸುರಿಯುವ ಬದಲು ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸುವುದೇ ಕ್ರಮ. ಬೇರೆ ಗಿಡವಾದರೆ ಬೇರು ಕೊಳೆಯುತ್ತದೆ. ಜವುಗಿನಲ್ಲಿ ಹುಟ್ಟಿದ ಇದಕ್ಕೆ ಅದೇ ಸುಖ. ಒಂದು ಎಚ್ಚರ ಬೇಕು. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗಿಯ ಸೊಳ್ಳೆಗಂತೂ ಇಂಥ ಸ್ವಚ್ಛ ನೀರೇ ಇಷ್ಟ. ವಾರಕ್ಕೊಮ್ಮೆ ತಟ್ಟೆಯನ್ನು ಪೂರ್ತಿ ಚೆಲ್ಲಿ, ಒರೆಸಿ, ಹೊಸ ನೀರು ಹಾಕಬೇಕು.

ಬಿಸಿಲಿನ ವಿಷಯದಲ್ಲಿ ಜಿಪುಣತನ ಕೂಡದು. ಮೂಡಣ ದಿಕ್ಕಿನ ಬಾಲ್ಕನಿಯಲ್ಲಿ ಬೆಳಗಿನ ನಾಲ್ಕೈದು ಗಂಟೆಯ ನೇರ ಬಿಸಿಲು ಸಿಕ್ಕರೆ ಕೇಪೆನ್ಸಿಸ್ ಕೆಂಪೇರಿ, ಒಂದೊಂದು ಕೂದಲಿಗೂ ಹನಿ ತುಂಬಿಕೊಂಡು ನಿಲ್ಲುತ್ತದೆ. ಹಸಿರಾಗಿಯೇ ಉಳಿದು, ಎಲೆ ಉದ್ದುದ್ದ ಜೋಲುತ್ತಿದ್ದರೆ ಬೆಳಕು ಸಾಲದೆಂದು ಅರ್ಥ. ಹನಿ ಇಲ್ಲದಿದ್ದಾಗ ಹಲವರು ನೀರು ಚಿಮುಕಿಸುತ್ತಾರೆ. ಅದು ಇರುವ ಅಂಟನ್ನೂ ತೊಳೆಯುತ್ತದೆ. ಗಿಡವನ್ನು ಗಾಜಿನ ಬುರುಡೆಯೊಳಗೆ ಮುಚ್ಚಿಟ್ಟು ಮೇಜಿನ ಅಲಂಕಾರ ಮಾಡುವ ಫ್ಯಾಷನ್ನೂ ಇದೆ. ಬೆಳಕು ಕಡಿಮೆ, ಗಾಳಿ ಇಲ್ಲ, ಬಿಸಿಲು ಬಿದ್ದರೆ ಒಳಗೆಲ್ಲ ಬೇಯುವ ಬಿಸಿ. ಅಲ್ಲಿ ಗಿಡ ಕೆಲವೇ ತಿಂಗಳು ಚೆಂದ ಕಾಣುತ್ತದೆ, ಅಷ್ಟೇ. ಬಾಲ್ಕನಿ ಇಲ್ಲದವರು ಬಿಳಿ ಎಲ್‌ಇಡಿ ದೀಪದ ಕೆಳಗೆ ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಬೆಳಕು ಕೊಟ್ಟು ಸೊಗಸಾಗಿ ಬೆಳೆಸುತ್ತಾರೆ.

ಕೊರಿಯರ್‌ನಲ್ಲಿ ಬಂದ ಗಿಡವನ್ನು ನೋಡಿ ಎದೆಗುಂದಬಾರದು. ಪಾಚಿಯಲ್ಲಿ ಸುತ್ತಿ ಕತ್ತಲ ಡಬ್ಬದಲ್ಲಿ ಮೂರು ದಿನ ಬಂದದ್ದರ ಮೇಲೆ ಒಂದು ಹನಿಯೂ ಇರುವುದಿಲ್ಲ. ನೆಟ್ಟು, ತೂತು ಮಾಡಿದ ಪಾರದರ್ಶಕ ಚೀಲವನ್ನು ಗುಡಾರದಂತೆ ಮುಚ್ಚಿ ನೆರಳಿನಲ್ಲಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯುತ್ತ ಬಿಸಿಲಿಗೆ ತರಬೇಕು. ಬಂದ ಎಲೆಗಳು ಸತ್ತರೂ ಸಾಯಲಿ. ನಡುವಿನಿಂದ ಸುರುಳಿ ಬಿಚ್ಚುತ್ತ ಬರುವ ಹೊಸ ಎಲೆಯ ಮೇಲೆ ಹನಿ ಕಂಡರೆ ಗಿಡ ನೆಲೆ ಹಿಡಿದಂತೆ.

ಊಟವನ್ನು ಗಿಡಕ್ಕೇ ಬಿಡುವುದು ಒಳ್ಳೆಯದು. ಹೊರಗಿಟ್ಟ ಸನ್‌ಡ್ಯೂ ಗುಂಗುರು, ಹಣ್ಣಿನ ನೊಣ, ಸೊಳ್ಳೆಗಳನ್ನು ತಾನೇ ಹಿಡಿಯುತ್ತದೆ. ಒಳಗೆ ದೀಪದಡಿ ಇರುವುದಕ್ಕೆ ವಾರಕ್ಕೊಮ್ಮೆ ಒಂದೆರಡು ಎಲೆಗೆ, ಪುಡಿ ಮಾಡಿದ ಮೀನಿನ ಆಹಾರವನ್ನು ಚಿಟಿಕೆಯಲ್ಲಿ ಅರ್ಧದಷ್ಟು ಉದುರಿಸಿದರೆ ಬೇಕಾದಷ್ಟಾಯಿತು. ಅನ್ನದ ಅಗುಳು, ಮಾಂಸದ ತುಂಡು, ಬಿಸ್ಕತ್ತಿನ ಪುಡಿ ಇವೆಲ್ಲ ಎಲೆಯ ಮೇಲೆ ಬೂಸ್ಟು ಹಿಡಿದು ಕೊಳೆಯುತ್ತವೆ. ಕೀಟ ತಿನ್ನುವ ಗಿಡಕ್ಕೂ ಕೀಟದ ಕಾಟ ಉಂಟು: ಎಳೆಯ ಸುಳಿಯಲ್ಲಿ ಸಸ್ಯಹೇನು ಸೇರಿಕೊಂಡು ರಸ ಹೀರಿ ಎಲೆಗಳನ್ನು ಸೊಟ್ಟ ಮಾಡುತ್ತದೆ. ಕುಂಡ ಸಮೇತ ಇಡೀ ಗಿಡವನ್ನು ಒಂದೆರಡು ದಿನ ಮಳೆನೀರಿನಲ್ಲಿ ಮುಳುಗಿಸಿಟ್ಟರೆ ಹೇನು ಸಾಯುತ್ತದೆ, ಗಿಡ ಉಳಿಯುತ್ತದೆ. ಸಾಬೂನಿನ ನೀರು ಸಿಂಪಡಿಸಿದರೆ ಎರಡೂ ಹೋಗುತ್ತವೆ.

ಒಂದರಿಂದ ನೂರು

ಕೇಪೆನ್ಸಿಸ್‌ನ ಹೂದಂಟು ಎಲೆಗಳಿಂದ ದೂರ, ಎತ್ತರಕ್ಕೆ ಏಳುತ್ತದೆ. ಪರಾಗ ಹೊತ್ತು ಬರುವ ನೊಣವನ್ನೇ ತಿಂದುಬಿಟ್ಟರೆ ಬೀಜವಾಗುವುದು ಹೇಗೆ? ಉದ್ದ ದಂಟು ಅದಕ್ಕೆ ಉತ್ತರ ಎಂದು ಸಸ್ಯಶಾಸ್ತ್ರಜ್ಞರಲ್ಲಿ ಹಲವರ ಎಣಿಕೆ. ಚೇಳಿನ ಬಾಲದಂತೆ ಸುರುಳಿ ಸುತ್ತಿದ ತುದಿ ದಿನದಿನಕ್ಕೂ ಬಿಚ್ಚುತ್ತ, ಮೇಲ್ಭಾಗಕ್ಕೆ ಬಂದ ಮೊಗ್ಗು ಅರಳುತ್ತದೆ. ಗುಲಾಬಿ ಬಣ್ಣದ ಹೂವು ಬೆಳಿಗ್ಗೆ ತೆರೆದು ಮಧ್ಯಾಹ್ನದ ಮೇಲೆ ಮುಚ್ಚುತ್ತದೆ. ಯಾವ ಕೀಟ ಬಾರದಿದ್ದರೂ ಮುಚ್ಚುವಾಗ ತನ್ನ ಪರಾಗವನ್ನು ತಾನೇ ಮುಟ್ಟಿಸಿಕೊಂಡು ಬೀಜ ಕಟ್ಟುತ್ತದೆ. ಒಣಗಿದ ದಂಟನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಕಾಫಿಪುಡಿಗಿಂತ ನಯವಾದ ಕಪ್ಪು ಬೀಜ ಉದುರುತ್ತದೆ; ಒಂದು ಗಿಡದಿಂದ ಸಾವಿರಗಟ್ಟಲೆ. ಅದನ್ನು ಒದ್ದೆ ಪೀಟಿನ ಮೇಲೆ ಉದುರಿಸಿ ಬೆಳಕಿನಲ್ಲಿ ಇಡಬೇಕು, ಮಣ್ಣಿನಲ್ಲಿ ಹೂಳಬಾರದು. ಕೆಲವು ವಾರದಲ್ಲಿ ಹಸಿರು ಚುಕ್ಕಿಗಳು ಮೂಡುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಎಳ್ಳಿಗಿಂತ ಸಣ್ಣ ಎಲೆಗೂ ನಾಲ್ಕೈದು ಕೂದಲು, ಕೂದಲಿಗೊಂದು ಹನಿ. ಹುಟ್ಟಿದಂದಿನಿಂದಲೇ ಬೇಟೆ.

ಬೀಜಕ್ಕೆ ಕಾಯಲಾರದವರಿಗೆ ಎಲೆಯೇ ಸಾಕು. ಬಲಿತ ಎಲೆಯೊಂದನ್ನು ಬುಡದಿಂದ ಕಿತ್ತು, ಮಳೆನೀರು ತುಂಬಿದ ಗಾಜಿನ ಲೋಟದಲ್ಲಿ ತೇಲಿಬಿಟ್ಟು ಬೆಳಕಿನಲ್ಲಿಟ್ಟರೆ ಕೆಲವು ವಾರದಲ್ಲಿ ಎಲೆಯ ಮೈಮೇಲೆಯೇ ಪುಟ್ಟ ಪುಟ್ಟ ಗಿಡಗಳು ಏಳುತ್ತವೆ. ದಪ್ಪ ಬೇರಿನ ತುಂಡಿನಿಂದಲೂ ಹೊಸ ಗಿಡ ಬರುತ್ತದೆ. ಇಷ್ಟು ಧಾರಾಳಿಯಾದ ಗಿಡವನ್ನು ಕಾಡಿನಿಂದ ಕಿತ್ತು ತರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೂಜಿ ಮತ್ತು ಬಾಯಿ

ಸನ್‌ಡ್ಯೂ ಕೈಗೆ ಹತ್ತಿದವರು ಮುಂದೆ ಹೋಗುವುದು ಹೂಜಿ ಗಿಡದತ್ತ. ಎಲೆಯ ತುದಿ ಬಳ್ಳಿಯಂತೆ ಚಾಚಿ, ಬಳ್ಳಿಯ ತುದಿ ಉಬ್ಬಿ ಮುಚ್ಚಳದ ಹೂಜಿಯಾಗುವ ನೆಪೆಂಥಿಸ್‌ನ ಚಿತ್ರ ಶಾಲೆಯ ಪುಸ್ತಕದಲ್ಲಿ ಎಲ್ಲರೂ ಕಂಡದ್ದೇ. ಭಾರತದಲ್ಲಿ ಸಹಜವಾಗಿ ಬೆಳೆಯುವುದು ಒಂದೇ, ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಗಾರೊ ಜನ ಇದನ್ನು ಮೆಮಾಂಗ್ ಕೊಕ್ಸಿ, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಬಾಘ್ಮಾರಾದಲ್ಲಿ ಇದಕ್ಕೆಂದೇ ಒಂದು ಅಭಯಧಾಮವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವ ಕೆಲವೇ ಸಸ್ಯಗಳಲ್ಲಿ ಇದೂ ಒಂದು. ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದಲ್ಲೂ ಇದಕ್ಕೆ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯ ಸ್ಥಾನ.

ನರ್ಸರಿಗಳಲ್ಲಿ ತೂಗುಕುಂಡದಲ್ಲಿ ಮಾರುವುದು ಹೆಚ್ಚಾಗಿ ವೆಂಟ್ರಾಟಾ ಎಂಬ ಮಿಶ್ರತಳಿ. ಗಟ್ಟಿ ಗಿಡ. ಆದರೆ ಸನ್‌ಡ್ಯೂಗೆ ಕಲಿತ ಪಾಠವನ್ನು ಇಲ್ಲಿ ಸ್ವಲ್ಪ ಮರೆಯಬೇಕು: ಇದರ ಕುಂಡ ನೀರಿನಲ್ಲಿ ನಿಲ್ಲಬಾರದು, ಮೇಲಿನಿಂದ ಹಾಕಿದ ನೀರು ಸರಾಗ ಇಳಿದುಹೋಗಬೇಕು. ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್, ತೊಗಟೆಯ ಚೂರು ಬೆರೆಸಿದ ಹಗುರ ಮಿಶ್ರಣ, ಬಲೆಯ ಮರೆಯಿಂದ ಸೋಸಿ ಬಂದ ಬಿಸಿಲು, ತೇವದ ಗಾಳಿ. ಕರಾವಳಿಯವರಿಗೆ ಮೂರನೆಯದು ಪುಕ್ಕಟೆ. ಬಯಲುಸೀಮೆಯಲ್ಲಿ ಮಾರ್ಚಿನ ಒಣಗಾಳಿಗೆ ಎಲೆ ಬಂದರೂ ತುದಿಯಲ್ಲಿ ಹೂಜಿ ಊದುವುದಿಲ್ಲ. ಹೂಜಿಯೊಳಗಿನ ದ್ರವವನ್ನು ಕೊಳಕು ನೀರೆಂದು ಚೆಲ್ಲುವವರಿದ್ದಾರೆ. ಅದು ಗಿಡದ ಜಠರರಸ.

ಎಲ್ಲರಿಗೂ ಬೇಕಾದದ್ದು ವೀನಸ್ ಫ್ಲೈಟ್ರ್ಯಾಪ್; ಎಲ್ಲರ ಕೈಯಲ್ಲೂ ಸಾಯುವುದೂ ಅದೇ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲೊಂದೇ ಇದರ ತವರು. ಎರಡು ಹೋಳಿನ ಬಾಯಿಯೊಳಗೆ ಸಾಮಾನ್ಯವಾಗಿ ಹೋಳಿಗೆ ಮೂರು ಸೂಕ್ಷ್ಮ ಕೂದಲು. ಒಂದು ಸಲ ತಗುಲಿದರೆ ಏನೂ ಆಗದು. ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ಎರಡನೆಯ ಸಲ ತಗುಲಿದರೆ ಬಾಯಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಚ್ಚುತ್ತದೆ. ಒಳಗೆ ಸಿಕ್ಕಿದ್ದು ಒದ್ದಾಡುತ್ತ ಇನ್ನೂ ಕೆಲವು ಸಲ ಕೂದಲು ಮುಟ್ಟಿದರಷ್ಟೇ ಜೀರ್ಣರಸ ಬರುತ್ತದೆ ಎಂಬುದನ್ನು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ಗಿಡ ಎಣಿಸುತ್ತದೆ! ಮಳೆಹನಿಗೂ ಕಸಕ್ಕೂ ಮೋಸಹೋಗದಿರಲು ಈ ಲೆಕ್ಕ. ಮಕ್ಕಳು ಬೆರಳಿಟ್ಟು ಆಡಿದಾಗ ಅದು ಸುಮ್ಮನೆ ಸುಸ್ತಾಗುತ್ತದೆ; ಒಂದು ಬಾಯಿ ಕೆಲವೇ ಸಲ ಮುಚ್ಚಿ ತೆರೆಯಬಲ್ಲದು, ಆಮೇಲೆ ಕಪ್ಪಾಗುತ್ತದೆ.

ಅದಕ್ಕೂ ದೊಡ್ಡ ತೊಡಕು ನಿದ್ದೆಯದು. ಕೆರೊಲಿನಾದ ಚಳಿಗಾಲದಲ್ಲಿ ಮೂರು ತಿಂಗಳು ಮಲಗಿ ಏಳುವುದು ಅದರ ಸ್ವಭಾವ. ಬೆಂಗಳೂರಿನ ಜನವರಿ ಅದಕ್ಕೆ ಚಳಿಯೇ ಅಲ್ಲ. ನಿದ್ದೆಯಿಲ್ಲದೆ ಒಂದೆರಡು ವರ್ಷ ದುಡಿದು ಗಿಡ ಸೊರಗುತ್ತದೆ. ಪಳಗಿದವರು ಡಿಸೆಂಬರಿನಲ್ಲಿ ಗಡ್ಡೆಯನ್ನು ಕಿತ್ತು, ತೊಳೆದು, ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟು ಫೆಬ್ರವರಿ ಕಳೆದ ಮೇಲೆ ಮತ್ತೆ ನೆಡುತ್ತಾರೆ. ಕರಾವಳಿಯ ಸೆಕೆಯಲ್ಲಿ ಇದನ್ನು ಕೊಳ್ಳದಿರುವುದೇ ಗಿಡಕ್ಕೆ ಮಾಡುವ ಉಪಕಾರ.

ಯುಟ್ರಿಕ್ಯುಲೇರಿಯಾವನ್ನು ಎಷ್ಟೋ ಮಂದಿ ಗೊತ್ತಿಲ್ಲದೆಯೇ ಸಾಕಿರುತ್ತಾರೆ. ಅಕ್ವೇರಿಯಂ ತಳಕ್ಕೆ ಹುಲ್ಲುಹಾಸಿನಂತೆ ಹಾಸಲು ಮಾರುವ ಗ್ರಾಮಿನಿಫೋಲಿಯಾ ಇದೇ ಕುಲದ್ದು, ಪಶ್ಚಿಮಘಟ್ಟದಲ್ಲೂ ಬೆಳೆಯುವಂಥದ್ದು.

ಸಂಗ್ರಹವೆಂದರೆ

ಗಿಡಗಳು ಹತ್ತಾದಾಗ ಹವ್ಯಾಸ ಸಂಗ್ರಹವಾಗುತ್ತದೆ, ಆಗ ಚೀಟಿಯ ಮಹತ್ವ ತಿಳಿಯುತ್ತದೆ. ಪ್ರಭೇದದ ಹೆಸರು, ಮೂಲ ಊರು, ಯಾರಿಂದ ಯಾವಾಗ ಬಂತು, ಬೀಜದ್ದೋ ಎಲೆಯದ್ದೋ ಎಂದು ಪೆನ್ಸಿಲಿನಲ್ಲಿ ಬರೆದು ಕುಂಡಕ್ಕೆ ಚುಚ್ಚಬೇಕು; ಶಾಯಿ ಬಿಸಿಲಿಗೆ ಮಾಸುತ್ತದೆ. ಕೇಪೆನ್ಸಿಸ್ ಬೀಜ ಪಕ್ಕದ ಕುಂಡಗಳಿಗೆಲ್ಲ ಸಿಡಿದು ಕಳೆಯಂತೆ ಹುಟ್ಟುವುದರಿಂದ ಚೀಟಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ನೀಲಿ ಫ್ಲೈಟ್ರ್ಯಾಪ್, ಕಾಮನಬಿಲ್ಲಿನ ಬಣ್ಣದ ಹೂಜಿ ಎಂದು ಆನ್‌ಲೈನಿನಲ್ಲಿ ಮಾರುವ ಬೀಜಗಳು ಬರೀ ಮೋಸ. ಅಂಥ ಗಿಡ ಲೋಕದಲ್ಲಿಲ್ಲ.

ಹವ್ಯಾಸಿಯ ಕಣ್ಣಿಗೆ ವಿಜ್ಞಾನದಲ್ಲಿ ಬೆಲೆಯಿದೆ ಎನ್ನುವುದಕ್ಕೆ ಬ್ರೆಜಿಲ್‌ನ ಡ್ರೊಸೆರಾ ಮ್ಯಾಗ್ನಿಫಿಕಾ ಸಾಕ್ಷಿ. ಮಿನಾಸ್ ಜೆರೈಸ್ ಪ್ರಾಂತ್ಯದ ಬೆಟ್ಟವೊಂದರಲ್ಲಿ ಯಾರೋ ತೆಗೆದ ಚಿತ್ರ ಫೇಸ್‌ಬುಕ್‌ನಲ್ಲಿ ಬಂದಾಗ, ಇದು ಹೆಸರಿಲ್ಲದ ಹೊಸ ಪ್ರಭೇದವೆಂದು ಬಲ್ಲವರು ಗುರುತಿಸಿದರು; 2015ರಲ್ಲಿ ಅದಕ್ಕೆ ಹೆಸರಾಯಿತು. ಒಂದೂವರೆ ಮೀಟರ್ ಉದ್ದ ಬೆಳೆಯುವ ಸನ್‌ಡ್ಯೂ ಅಷ್ಟು ಕಾಲ ಎಲ್ಲರ ಕಣ್ಣು ತಪ್ಪಿಸಿಕೊಂಡಿತ್ತು. ಅದೇ ಹವ್ಯಾಸದ ಇನ್ನೊಂದು ಮುಖ ಕಳ್ಳತನ. ಉತ್ತರ ಕೆರೊಲಿನಾದಲ್ಲಿ ಫ್ಲೈಟ್ರ್ಯಾಪ್‌ಗಳನ್ನು ಬಯಲಿನಿಂದ ಚೀಲಗಟ್ಟಲೆ ಕಿತ್ತು ಮಾರುವುದು ಎಷ್ಟು ಹೆಚ್ಚಿತೆಂದರೆ 2014ರ ಡಿಸೆಂಬರಿನಿಂದ ಅದನ್ನು ಗಂಭೀರ ಅಪರಾಧವೆಂದು ಕಾನೂನು ಮಾಡಬೇಕಾಯಿತು. ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಬಾಟಲಿಯೊಂದರಲ್ಲಿ ನೂರಾರು ಸಸಿ ಎಬ್ಬಿಸಬಹುದಾದ ಕಾಲದಲ್ಲೂ ಕೀಳುವ ಕೈ ನಿಂತಿಲ್ಲ. ಇಲ್ಲಿಯೂ ಅರಣ್ಯ ಭೂಮಿಯಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಪದವಿನ ಸನ್‌ಡ್ಯೂ ಕಂಡ ಜಾಗವನ್ನು ಚಿತ್ರದ ಜೊತೆ ನಕ್ಷೆಯ ಗುರುತು ಸಮೇತ ಊರಿಗೆಲ್ಲ ಹಂಚದಿರುವುದೂ ಕಾಪಾಡುವ ಕೆಲಸವೇ.

ಬರ್ಮಾನಿ, ಇಂಡಿಕಾ ಎರಡೂ ಇನ್ನೊಬ್ಬ ಬೆಳೆಗಾರರ ಕುಂಡದ ಬೀಜದಿಂದಲೇ ಸುಲಭವಾಗಿ ಬರುತ್ತವೆ. ಇವು ಪದವಿನ ಮೇಲೆ ಒಂದೇ ಮಳೆಗಾಲದ ಬದುಕಿನವು. ನವೆಂಬರ್ ಡಿಸೆಂಬರಿಗೆ ಹೂವು ಬೀಜ ಮುಗಿಸಿ ಗಿಡ ಕಂದು ಬಣ್ಣಕ್ಕೆ ತಿರುಗಿದಾಗ ಹೊಸಬರು ತಮ್ಮಿಂದೇನೋ ತಪ್ಪಾಯಿತೆಂದು ಕುಂಡವನ್ನು ಬರಿದು ಮಾಡಿಬಿಡುತ್ತಾರೆ. ಮಾಡಬಾರದು. ಬೀಜವಾಗಲೇ ಪೀಟಿನ ಮೇಲೆ ಬಿದ್ದಿರುತ್ತದೆ. ತಟ್ಟೆಯ ನೀರು ತೆಗೆದು, ಇರುವೆ ಬಾರದ ಒಣ ಮೂಲೆಯಲ್ಲಿ ಕುಂಡವನ್ನು ಬೇಸಿಗೆಯಿಡೀ ಹಾಗೇ ಇಟ್ಟು, ಜೂನಿನಲ್ಲಿ ಮಳೆ ಹಿಡಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಇಟ್ಟರಾಯಿತು. ಕೆಲವು ವಾರದಲ್ಲಿ ಪೀಟಿನ ಮೇಲೆ ಹಸಿರು ಚುಕ್ಕಿಗಳು, ಚುಕ್ಕಿಗಳ ಮೇಲೆ ಹನಿಗಳು ಕಾಣುತ್ತವೆ.